ತಗಡಿನ ಕೊಟ್ಟಿಗೆಗೆ ತೊಗರಿ ಕಟ್ಟಿಗೆಯ ಹೊದಿಕೆ

ಕಲಬುರಗಿ ಕಡೆ ತಗಡಿನ ಕೊಟ್ಟಿಗೆ ಇರುವವರು ಬೇಸಿಗೆಗೆ ಮೊದಲು ಹೀಗೆ ಮಾಡಿ: ರಾಶಿ ಮುಗಿದ ಮೇಲೆ ಬದುವಿನಲ್ಲಿ ಬಿದ್ದಿರುವ ತೊಗರಿ ಕಟ್ಟಿಗೆಯನ್ನು ತಗಡಿನ ಮೇಲೆ ಅರ್ಧ ಅಡಿ ದಪ್ಪಕ್ಕೆ ಹರಡಿ, ಅಡ್ಡ ಬಿದಿರು ಇಟ್ಟು ತಂತಿಯಿಂದ ಬಿಗಿಯಿರಿ. ಬಿಸಿಲು ನೇರವಾಗಿ ತಗಡಿಗೆ ತಾಗುವುದಿಲ್ಲ. ಕಡ್ಡಿಗಳ ಸಂದಿಯಲ್ಲಿ ಗಾಳಿ ಇರುವುದರಿಂದ ಕಾವು ಕೆಳಗಿಳಿಯುವುದೂ ಕಡಿಮೆ. ಮಧ್ಯಾಹ್ನ ಎರಡರ ಹೊತ್ತಿಗೆ ಹೊದಿಸಿದ ತಗಡು, ಬರಿಯ ತಗಡು ಎರಡರ ಕೆಳಗೂ ನಿಂತು ನೋಡಿ, ನೆತ್ತಿಗೇ ಗೊತ್ತಾಗುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದ ಆಕಳು ಮಲಗಿ ಮೆಲುಕು ಹಾಕುವುದನ್ನು ನೋಡುವುದೇ ಒಂದು ನೆಮ್ಮದಿ. ಆದರೆ ಎಮ್ಮೆಗೆ ಇಷ್ಟೇ ಸಾಲದು. ಅದರ ಚರ್ಮ ಕಪ್ಪು, ಬೆವರಿನ ಗ್ರಂಥಿಗಳೂ ಕಡಿಮೆ. ದಿನಕ್ಕೆ ಎರಡು ಮೂರು ಸಲ ಮೈಮೇಲೆ ನೀರು ಸುರಿಯಲೇಬೇಕು. ಸುತ್ತಲೂ ಗೋಡೆ ಎಬ್ಬಿಸಿ ಗಾಳಿ ಮುಚ್ಚಿದ ಕೊಟ್ಟಿಗೆಯಲ್ಲೂ ಈ ಹೊದಿಕೆಯಿಂದ ಹೆಚ್ಚೇನೂ ಸಿಗದು, ಮೊದಲು ಗೋಡೆಯ ಮೇಲ್ಭಾಗ ತೆಗೆಸಿ. ಒಣ ಕಟ್ಟಿಗೆ ಬೇಗ ಹೊತ್ತಿಕೊಳ್ಳುತ್ತದೆ: ಮೇಲೆ ಕರೆಂಟಿನ ತಂತಿ ಹಾದಿದ್ದರೆ ಅಥವಾ ಪಕ್ಕದಲ್ಲಿ ಒಲೆ ಉರಿಯುತ್ತಿದ್ದರೆ ದಯವಿಟ್ಟು ಬೇಡವೇ ಬೇಡ. ಮೃಗಶಿರಾ ಮಳೆಗೆ ಮುಂಚೆ ಇಳಿಸಿಬಿಡಿ, ನೆನೆದ ಕಟ್ಟಿಗೆಯ ಕೆಳಗೆ ತಗಡು ತುಕ್ಕು ಹಿಡಿಯುತ್ತದೆ.