ಎರಡೂವರೆ ಇಂಚು ನೀರು ಅಂದರೆ ಎಷ್ಟು ಲೀಟರ್?

ಶ್ರೀನಿವಾಸಪುರದ ಕಡೆ ನಮಗೊಂದು ಎಕರೆ ಇದೆ. ಟೊಮ್ಯಾಟೊ ಇಡೋಣ ಅಂತ ಬೋರ್ ಕೊರೆಸಿದೆ. 1,250 ಅಡಿಗೆ ನೀರು ಬಿತ್ತು. ಗಾಡಿಯವರು ನೀರನ್ನು ತಗಡಿನ ಪೆಟ್ಟಿಗೆಗೆ ಹಾಯಿಸಿ, ಅದರ ವಿ ಆಕಾರದ ಕಚ್ಚಿನ ಹತ್ತಿರ ಸ್ಕೇಲ್ ಇಟ್ಟು, ಕಚ್ಚಿನ ತಳದಿಂದ ನೀರು ಎಷ್ಟು ಎತ್ತರ ಇದೆ ಅಂತ ನೋಡಿದರು. "ಎರಡೂವರೆ ಇಂಚು, ಗಂಟೆಗೆ 1,100 ಗ್ಯಾಲನ್" ಅಂದರು. ಊರಲ್ಲಿ ಎಲ್ಲರೂ ಕೇಳಿದ್ದು ಎಷ್ಟು ಇಂಚು ಅಂತಲೇ. ಡ್ರಿಪ್ ಅಂಗಡಿಯಲ್ಲಿ ಮಾತ್ರ ಲೀಟರ್ ಕೇಳಿದರು.

ಫೋನಿನಲ್ಲಿ ಗ್ಯಾಲನ್ ಹಾಕಿ ನೋಡಿದರೆ 4,160 ಲೀಟರ್ ತೋರಿಸಿತು. ಅದು ಅಮೆರಿಕದ ಗ್ಯಾಲನ್, 3.785 ಲೀಟರಿನದು. ನಮ್ಮ ಬೋರಿನವರು ಹೇಳುವುದು ಬ್ರಿಟಿಷರ ಗ್ಯಾಲನ್, 4.546 ಲೀಟರ್. ಅದರ ಪ್ರಕಾರ 1,100 ಗ್ಯಾಲನ್ ಅಂದರೆ ಸುಮಾರು 5,000 ಲೀಟರ್. ಗ್ಯಾಲನ್ ಲೆಕ್ಕ ಹಾಕುವ ಮುಂಚೆ ಯಾವ ಗ್ಯಾಲನ್ ಅಂತ ನೋಡಲೇಬೇಕು.

ನಮ್ಮ ಎಕರೆಗೆ 6,700 ಡ್ರಿಪ್ಪರ್, ಒಂದೊಂದೂ ಗಂಟೆಗೆ 2 ಲೀಟರ್ ಬಿಡುವಂಥದ್ದು. ಎಲ್ಲಾ ಸೇರಿ 13,400 ಲೀಟರ್ ಆಯಿತು. 5,000 ಲೀಟರ್ ನೀರಿದೆ ಅಂದುಕೊಂಡು ಹೊಲವನ್ನು ಮೂರು ಭಾಗ ಮಾಡಿ ವಾಲ್ವ್ ಹಾಕಿಸಿದೆ. ನಾಟಿ ಮಾಡಿದ ಎರಡನೇ ವಾರಕ್ಕೇ ಪೈಪಿನ ಕೊನೆ ಕಡೆಯ ಗಿಡಗಳು ಬಾಡಿದವು. ಬುಡದ ಮಣ್ಣು ಮುಟ್ಟಿದರೆ ಒಣ ಪುಡಿ. ತುಂಬಾ ಸಂಕಟ ಆಯಿತು.

ಆಮೇಲೆ ನಾನೇ ಅಳೆದೆ. 200 ಲೀಟರ್ ಡ್ರಮ್ ಅಂತ ಕೊಟ್ಟಿದ್ದರೂ ಅದರ ಬಾಯಿಯವರೆಗೆ ಇನ್ನೂ ಜಾಸ್ತಿ ಹಿಡಿಯುತ್ತೆ. ಅದಕ್ಕೇ 20 ಲೀಟರಿನ ನೀರಿನ ಕ್ಯಾನಿನಿಂದ ಸರಿಯಾಗಿ ಹತ್ತು ಸಲ ಸುರಿದು, ನೀರು ನಿಂತ ಕಡೆ ಕೆಂಪು ಪೇಂಟಿನಿಂದ ಗೆರೆ ಎಳೆದೆ. ಮೋಟಾರ್ ಹಾಕಿದ ತಕ್ಷಣ ಅಳೆಯಬಾರದು. ಮೊದಲು ಬೋರಿನಲ್ಲಿ ನಿಂತಿದ್ದ ನೀರು ರಭಸವಾಗಿ ಬರುತ್ತೆ. ಎರಡು ಗಂಟೆ ಓಡಿಸಿ ಆಮೇಲೆ ಡ್ರಮ್ ಇಟ್ಟೆ. ಗೆರೆ ಮುಟ್ಟಲು 4 ನಿಮಿಷ 10 ಸೆಕೆಂಡ್ ಬೇಕಾಯಿತು. ಅಂದರೆ 250 ಸೆಕೆಂಡಿಗೆ 200 ಲೀಟರ್, ಗಂಟೆಗೆ 2,880 ಲೀಟರ್. ಗ್ಯಾಲನ್ನಿಗೆ ತಂದರೆ ಸುಮಾರು 633.

ಇದು ಎರಡು ಇಂಚು ನೀರು. ಕಡಿಮೆ ಆಗಿದ್ದು ಬರೀ ಅರ್ಧ ಇಂಚು, ಆದರೆ ನೀರಿನಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಹೋಗಿತ್ತು. ವಿ ಕಚ್ಚು ಮೇಲೆ ಹೋದಂತೆ ಅಗಲವಾಗುತ್ತೆ ಅಲ್ವಾ? ಎತ್ತರ ಹೆಚ್ಚಾದಾಗ ಅಗಲವೂ ಹೆಚ್ಚುತ್ತೆ, ನೀರಿನ ವೇಗವೂ ಹೆಚ್ಚುತ್ತೆ. ಒಂದು ಇಂಚಿಗೆ ಗಂಟೆಗೆ 510 ಲೀಟರ್ ಬಂದರೆ, ಎರಡು ಇಂಚಿಗೆ ಸುಮಾರು 2,900 ಬರುತ್ತೆ, ಮೂರಕ್ಕೆ ಹತ್ತಿರ ಹತ್ತಿರ 8,000. ಇಂಚನ್ನು ಸುಮ್ನೆ ಗುಣಿಸಿ ಲೀಟರ್ ಮಾಡೋಕೆ ಆಗಲ್ಲ. ಈ ಮಾತನ್ನು ಬೋರ್ ಕೊರೆಸುವ ಪ್ರತಿಯೊಬ್ಬರಿಗೂ ಕೂಗಿ ಹೇಳಬೇಕು ಅನ್ನಿಸುತ್ತೆ ನನಗೆ.

ಹೊಲವನ್ನು ಐದು ಭಾಗ ಮಾಡಿದೆ. ಒಂದು ಭಾಗಕ್ಕೆ 1,340 ಡ್ರಿಪ್ಪರ್, 2,680 ಲೀಟರ್. ಕೊನೆ ಸಾಲಿಗೂ ನೀರು ಮುಟ್ಟಿತು.

ಏಪ್ರಿಲ್‌ನಲ್ಲಿ ಮತ್ತೆ ಅದೇ ಡ್ರಮ್ ಇಟ್ಟೆ. ಕೆಂಪು ಗೆರೆಗೆ ಬರಲು 5 ನಿಮಿಷ 20 ಸೆಕೆಂಡ್ ಹಿಡಿಯಿತು, ಗಂಟೆಗೆ 2,250 ಲೀಟರ್. ಅವತ್ತೇ ಇನ್ನೊಂದು ವಾಲ್ವ್ ತಂದು ಆರು ಭಾಗ ಮಾಡಿದೆ.