ಮೊದಲು ಬೀರು ನೋಡಿ: ಕೆಲಸಕ್ಕೆ ಹೋಗುವ ಅಪ್ಪ-ಅಮ್ಮಂದಿರಿಗೆ ಬಟ್ಟೆಯ ಲೆಕ್ಕಾಚಾರ

ಪರಿಸರಕ್ಕೆ ಒಳ್ಳೆಯದು ಅಂತ ಕೊಡುವ ಸಲಹೆಗಳಲ್ಲಿ ಮುಕ್ಕಾಲು ಪಾಲು ದಿನವಿಡೀ ಬಿಡುವಿರುವವರಿಗೆ ಹೇಳಿದ ಹಾಗಿರುತ್ತವೆ. ಅಂಟುವಾಳಕಾಯಿ ನೆನೆಹಾಕಿ, ಕಿವುಚಿ, ಸೋಸಿ ಬಟ್ಟೆ ಒಗೆಯಿರಿ. ಹಳೇ ಸೀರೆಯಲ್ಲಿ ನೀವೇ ಚೀಲ ಹೊಲಿಯಿರಿ. ದಾಳಿಂಬೆ ಸಿಪ್ಪೆಯಲ್ಲಿ ಬಣ್ಣ ಹಾಕಿ. ಮಾಡುವವರು ಮಾಡಲಿ, ಸಂತೋಷ. ಆದರೆ ಬೆಳಿಗ್ಗೆ ಸ್ಕೂಲ್ ವ್ಯಾನು ಹತ್ತಿಸಿ, ಆಫೀಸು ಮುಗಿಸಿ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ನಿಂತು ಬಂದವರಿಗೆ ಇದೆಲ್ಲ ಆಗುವ ಮಾತಲ್ಲ. ಅದೂ ಅಲ್ಲದೆ ಇಂಥ ಕೆಲಸ ಕೊನೆಗೆ ಬಂದು ಬೀಳುವುದು ಮನೆಯ ಹೆಂಗಸಿನ ತಲೆಗೇ, ಅಲ್ವಾ? ಹಾಗಾಗಿ ನಾನು ಒಂದೇ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಸಮಯ ಉಳಿಸುವ ಅಭ್ಯಾಸ, ಇಲ್ಲ ಕಡೇ ಪಕ್ಷ ಜಾಸ್ತಿ ಸಮಯ ತಿನ್ನದ ಅಭ್ಯಾಸ, ಅಷ್ಟನ್ನೇ ಹಿಡಿಯುವುದು. ಉಳಿದದ್ದನ್ನು ಮುಲಾಜಿಲ್ಲದೆ ಬಿಡುವುದು.

ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಸುಲಭದ್ದು ಕೊಳ್ಳದೇ ಇರುವುದು. ಒಂದು ಹತ್ತಿ ಟೀ ಶರ್ಟಿಗೆ, ಹತ್ತಿ ಬೆಳೆಯುವುದರಿಂದ ಹಿಡಿದು, ಸುಮಾರು 2,700 ಲೀಟರ್ ನೀರು ಬೇಕು ಅನ್ನುವ ಅಂದಾಜಿದೆ. ಅಂದರೆ ಮನೆಗೆ ತರಿಸುವ 20 ಲೀಟರ್ ಕ್ಯಾನು 135. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತ ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಂತ ಇರುವ ಪಾಲಿಸ್ಟರ್ ಬಟ್ಟೆಯನ್ನೆಲ್ಲ ಎಸೆದು ಹೊಸದಾಗಿ 'ಇಕೋ ಫ್ರೆಂಡ್ಲಿ' ಬಟ್ಟೆ ತುಂಬಿಸಬೇಡಿ. ಇರುವುದು ಹರಿಯುವ ತನಕ ಹಾಕಿ. ಅದೇ ಒಳ್ಳೆಯದು.

ಬೀರುವಿನಲ್ಲಿ ಏನಿದೆ ಅಂತ ತಿಳಿಯಲು ಇಡೀ ಭಾನುವಾರ ಹಾಳು ಮಾಡಬೇಕಿಲ್ಲ. ಒಗೆದು ಮಡಚಿದ ಬಟ್ಟೆಯನ್ನು ಯಾವಾಗಲೂ ಅಟ್ಟಿಯ ಮೇಲೇ ಇಡಿ. ಯುಗಾದಿಯಿಂದ ಗಣೇಶನ ಹಬ್ಬದ ತನಕ ಸುಮ್ನೆ ಹಾಗೇ ನಡೆಯಲಿ. ಅಷ್ಟು ದಿನವೂ ತಳದಲ್ಲೇ ಅಲುಗದೆ ಕೂತಿದ್ದು ಯಾವುದೋ ಅದನ್ನು ನೀವು ಹಾಕುತ್ತಿಲ್ಲ. ಯಾಕೆ ಹಾಕುತ್ತಿಲ್ಲ ಅಂತ ನೋಡಿದರೆ ಸಾಮಾನ್ಯವಾಗಿ ಕಾರಣ ತೀರಾ ಸಣ್ಣದಿರುತ್ತದೆ: ಹುಕ್ಕು ಕಿತ್ತಿದೆ, ಬಗಲು ಬಿಗಿ, ಝಿಪ್ ಕೆಟ್ಟಿದೆ, ಪ್ಯಾಂಟಿನ ಉದ್ದ ಜಾಸ್ತಿ.

ಇಲ್ಲಿ ಬೇಕಾಗುವುದು ಟೈಲರ್. ದೊಡ್ಡ ಬೊಟಿಕ್ ಅಲ್ಲ. ರಸ್ತೆ ಮೂಲೆಯಲ್ಲಿ ಒಂದು ಮಿಷನ್ ಇಟ್ಟುಕೊಂಡು ಆಲ್ಟರ್ ಮಾಡಿಕೊಡುತ್ತಾರಲ್ಲ, ಅವರು. ಚಪ್ಪಲಿ ಸ್ಟ್ಯಾಂಡಿನ ಪಕ್ಕ ಒಂದು ಕೈಚೀಲ ನೇತುಹಾಕಿ, ರಿಪೇರಿಗೆ ಹೋಗಬೇಕಾದದ್ದು ಕಣ್ಣಿಗೆ ಬಿದ್ದ ಕೂಡಲೇ ಅದರೊಳಗೆ. ತುಂಬಿದಾಗ ತರಕಾರಿಗೆ ಹೋಗುವವರು ಕೊಟ್ಟು ಬರಲಿ. ಶರ್ಟಿನ ಕಾಲರ್ ಮಡಿಕೆಯಲ್ಲಿ ಸವೆದಿದ್ದರೆ ಬಿಚ್ಚಿ ತಿರುವಿ ಹೊಲಿಯಿರಿ ಅಂತ ಹೇಳಿ ನೋಡಿ. ಒಳಗಿದ್ದ ಹೊಸ ಮೈ ಹೊರಗೆ ಬರುತ್ತದೆ, ಶರ್ಟು ಇನ್ನೂ ಸುಮಾರು ದಿನ ಬಾಳುತ್ತದೆ. ಹಳೇ ಟೈಲರುಗಳಿಗೆ ಇದು ಗೊತ್ತಿರುತ್ತದೆ. ರವಿಕೆ, ಚೂಡಿದಾರ್ ಹೊಲಿಸುವಾಗ ಒಳಗೆ ಮಾರ್ಜಿನ್ ಧಾರಾಳವಾಗಿ ಬಿಡಿಸಿ. ಮೈ ಬಂದರೂ ಒಂದು ಹೊಲಿಗೆ ಬಿಚ್ಚಿದರೆ ಮುಗಿಯಿತು.

ಮಕ್ಕಳ ಬಟ್ಟೆಯದ್ದೇ ದೊಡ್ಡ ತಲೆನೋವು, ಯಾಕೆಂದರೆ ಹರಿಯುವ ಮೊದಲೇ ಗಿಡ್ಡ ಆಗುತ್ತದೆ. ಹಿಂದೆ ಹೆಣ್ಣುಮಕ್ಕಳ ಲಂಗಕ್ಕೆ ಅಂಚಿನಿಂದ ಸ್ವಲ್ಪ ಮೇಲೆ ಎರಡು ಮೂರು ಅಡ್ಡ ಮಡಿಕೆ ಹಿಡಿದು ಹೊಲಿಸುತ್ತಿದ್ದರು. ಮಗಳು ಉದ್ದ ಆದ ಹಾಗೆ ಒಂದೊಂದೇ ಮಡಿಕೆ ಬಿಚ್ಚುವುದು. ಇದನ್ನು ಈಗಲೂ ಫ್ರಾಕಿಗೆ, ಯೂನಿಫಾರ್ಮ್ ಸ್ಕರ್ಟಿಗೆ ಮಾಡಿಸಬಹುದು. ಪ್ಯಾಂಟಿಗಾದರೆ ಕೆಳಗೆ ಎರಡು ಇಂಚು ಒಳಗೆ ಮಡಚಿಸಿ. ಬಿಚ್ಚಿದಾಗ ಮಡಿಕೆ ಇದ್ದ ಕಡೆ ಗಾಢ ಬಣ್ಣದ ಗೆರೆ ಕಾಣುತ್ತದೆ. ಲಂಗ, ಫ್ರಾಕಿನಲ್ಲಿ ಅದರ ಮೇಲೊಂದು ಲೇಸು ಕೂರಿಸಿದರೆ ಡಿಸೈನ್ ಅಂದುಕೊಳ್ಳುತ್ತಾರೆ. ಹತ್ತಿ ಬಟ್ಟೆ ಹೊಲಿಸುವುದಿದ್ದರೆ ಹಿಂದಿನ ರಾತ್ರಿ ನೀರಲ್ಲಿ ನೆನೆಹಾಕಿ, ಒಣಗಿಸಿ ಕೊಡಿ. ಕುಗ್ಗುವುದೆಲ್ಲ ಕತ್ತರಿ ಬೀಳುವ ಮೊದಲೇ ಕುಗ್ಗಲಿ.

ಇನ್ನು ಪ್ಲೇ ಸ್ಕೂಲುಗಳ 'ಯೆಲ್ಲೋ ಡೇ', 'ಗ್ರೀನ್ ಡೇ'. ಒಂದು ಬೆಳಿಗ್ಗೆಯ ಫೋಟೋಗೋಸ್ಕರ ಹಳದಿ ಟೀ ಶರ್ಟು ಆರ್ಡರ್ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ. ಹಳದಿ ಕರ್ಚೀಫು ಕುತ್ತಿಗೆಗೆ ಕಟ್ಟಿ ಕಳಿಸಿ, ಟೀಚರ್ ಏನೂ ಅನ್ನುವುದಿಲ್ಲ. ನವೆಂಬರಿನ ಫ್ಯಾನ್ಸಿ ಡ್ರೆಸ್ಸಿಗೆ ಕಿತ್ತೂರು ಚೆನ್ನಮ್ಮನ ವೇಷ ಬಾಡಿಗೆಗೆ ಸಿಗುತ್ತದೆ. ಒನಕೆ ಓಬವ್ವ ಇನ್ನೂ ಸುಲಭ, ಅಜ್ಜಿಯ ಸೀರೆ ಕಚ್ಚೆ ಹಾಕಿ ಉಡಿಸಿದರೆ ಆಯಿತು, ಒನಕೆ ಮಾತ್ರ ರಟ್ಟಿನದ್ದು ಕೊಡಿ.

ಕೊಳ್ಳಲೇಬೇಕು ಅಂತ ಬಂದಾಗ ಮೊದಲು ಲೇಬಲ್ ಓದಿ. 'ಕಾಟನ್ ಫೀಲ್', 'ಕಾಟನ್ ಬ್ಲೆಂಡ್' ಅಂದರೆ ಪೂರ್ತಿ ಹತ್ತಿ ಅಲ್ಲ. ಬಿದಿರಿನ ಬಟ್ಟೆ ಅಂತ ಮಾರುವುದರಲ್ಲಿ ಹೆಚ್ಚಿನದು ಬಿದಿರನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ವಿಸ್ಕೋಸು, ಅದಕ್ಕೆ ಹಸಿರು ಬಣ್ಣದ ಟ್ಯಾಗು ನೋಡಿ ದುಡ್ಡು ಸುರಿಯಬೇಡಿ. ಅನುಮಾನ ಬಂದರೆ ಒಳ ಹೊಲಿಗೆ ಹತ್ತಿರ, ಬಟ್ಟೆಯದ್ದೇ ಒಂದು ಎಳೆ ಎಳೆದು, ಮಕ್ಕಳು ಹತ್ತಿರ ಇಲ್ಲದಾಗ ಸಿಂಕಿನ ಮೇಲೆ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಸ್ಟರ್ ಮುದುಡಿ ಕರಗಿ, ಆರಿದ ಮೇಲೆ ತುದಿಯಲ್ಲಿ ಗಟ್ಟಿ ಮಣಿಯಂತೆ ಕೂರುತ್ತದೆ.

ಕೈಮಗ್ಗದ ಸೀರೆಯಾದರೆ ಅಂಚಿನ ತುದಿ ಬೆಳಕಿಗೆ ಹಿಡಿಯಿರಿ. ನೇಯುವಾಗ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯಲು ಚುಚ್ಚಿದ ಸಣ್ಣ ಸಣ್ಣ ಸೂಜಿ ತೂತು ಎರಡೂ ಬದಿಯಲ್ಲಿ ಸಾಮಾನ್ಯವಾಗಿ ಕಾಣುತ್ತವೆ. ಅದು ಡ್ಯಾಮೇಜ್ ಅಲ್ಲ. ನಮ್ಮಲ್ಲಿ ಕೊಳ್ಳಲು ಜಾಗಕ್ಕೇನೂ ಕಡಿಮೆ ಇಲ್ಲ. ರಾಜ್ಯದ ಕೈಮಗ್ಗ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ 'ಚರಕ' ಅನ್ನುವ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು ಅಡಿಕೆ ಚೊಗರಿನಂಥ (ಅಡಿಕೆ ಬೇಯಿಸಿದಾಗ ಉಳಿಯುವ ಕೆಂಗಂದು ರಸ) ನೈಸರ್ಗಿಕ ಬಣ್ಣದಲ್ಲಿ ಬಟ್ಟೆ ಮಾಡುತ್ತಾರೆ. ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟಿನ ಖಾದಿ ಇದೆ. ಉಡುಪಿ ಸೀರೆ, ಇಳಕಲ್ ಸೀರೆ ಹೇಗೂ ಗೊತ್ತೇ ಇದೆ. ಆದರೆ ಇಳಕಲ್ ಅಂತ ಪವರ್‌ಲೂಮಿನದ್ದೂ ಬರುತ್ತದೆ, ಕೃತಕ ರೇಷ್ಮೆಯದ್ದೂ ಬರುತ್ತದೆ, ಕೇಳಿ ತಗೊಳ್ಳಿ. ಗಾಂಧಿ ಜಯಂತಿ ಹೊತ್ತಿಗೆ ಖಾದಿ ಭಂಡಾರಗಳಲ್ಲಿ ರಿಯಾಯಿತಿ ಇರುತ್ತದೆ, ವರ್ಷದ ಕುರ್ತಾ ಆಗಲೇ ಮುಗಿಸಿಬಿಡಿ. ಒಂದು ಮಾತು: ಗಂಜಿ, ಇಸ್ತ್ರಿ ಬೇಡುವ ಸೀರೆಯನ್ನು ಆಫೀಸಿನ ದಿನಕ್ಕೆ ಅಂತ ಕೊಳ್ಳಬೇಡಿ, ಉಡುವುದಿಲ್ಲ. ಸ್ವಲ್ಪ ಸುಕ್ಕಾದರೂ ಚೆಂದ ಕಾಣುವ ಖಾದಿ ಕುರ್ತಾ ಬೆಳಗಿನ ಗಡಿಬಿಡಿಗೆ ವಾಸಿ.

ಒಗೆಯುವುದಕ್ಕೆ ದೊಡ್ಡ ಶಾಸ್ತ್ರ ಬೇಕಿಲ್ಲ. ಮಿಷನ್ ತುಂಬಿದ ಮೇಲೆ ಹಾಕಿ, ತಣ್ಣೀರು ಸಾಕು, ಬಣ್ಣದ್ದನ್ನು ತಿರುವಿ ನೆರಳಲ್ಲಿ ಒಣಗಿಸಿ. ಜೀನ್ಸು ಒಂದು ಸಲ ಹಾಕಿದ್ದಕ್ಕೆಲ್ಲ ಒಗೆಯಬೇಕಿಲ್ಲ. ಪಾಲಿಸ್ಟರ್, ಫ್ಲೀಸ್ ಬಟ್ಟೆ ಪ್ರತಿ ಒಗೆತಕ್ಕೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆ ಬಿಡುತ್ತದೆ, ಅವನ್ನಂತೂ ಕೊಳೆಯಾದಾಗ ಮಾತ್ರ.

ಹರಿದ ಬಟ್ಟೆಯನ್ನು ದಾನ ಅಂತ ಯಾರಿಗೂ ಕೊಡಬೇಡಿ, ಅದು ಅವಮಾನ. ಹತ್ತಿಯದ್ದಾದರೆ ಒರೆಸುವ ಬಟ್ಟೆ, ಅದರಲ್ಲೂ ಹಳೇ ಬನಿಯನ್‌ಗೆ ಸಮನಾದದ್ದು ಅಂಗಡಿಯಲ್ಲಿ ಸಿಗುವುದಿಲ್ಲ. ಪಾಲಿಸ್ಟರ್ ನೀರು ಹೀರುವುದಿಲ್ಲ, ಅದು ಒಣ ಕಸಕ್ಕೇ. ಮೆತ್ತಗಾದ ಸೀರೆಗಳಿದ್ದರೆ ಕೌದಿ ಹೊಲಿಸಿ. ಉತ್ತರ ಕರ್ನಾಟಕದ ಕಡೆ ನೆಂಟರಿದ್ದರೆ ಹೊಲಿಯುವವರು ಸಿಕ್ಕೇ ಸಿಗುತ್ತಾರೆ, ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಣ್ಣುಮಕ್ಕಳ ಕೌದಿಯಂತೂ ನೋಡಲೇ ಹಬ್ಬ.

ಚೆನ್ನಾಗಿಯೇ ಇದ್ದು ಗಿಡ್ಡ ಆದ ಯೂನಿಫಾರ್ಮನ್ನು ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಪರೀಕ್ಷೆ ಮುಗಿದ ಕೂಡಲೇ, ಸೈಜು ಬರೆದು, ಫೋಟೋ ಸಮೇತ ಹಾಕಿ. ಮೇ ಕೊನೆಯ ತನಕ ಕಾದರೆ ಅಷ್ಟರಲ್ಲಿ ಎಲ್ಲರೂ ಹೊಸದು ತಂದಾಗಿರುತ್ತದೆ.