ತಂಬೂರಿಯ ಶ್ರುತಿ ಕದಲದಂತೆ: ನಾನು ಟರ್ನ್‌ಟೇಬಲ್ ಆರಿಸಿ ಕೂರಿಸಿದ ಬಗೆ

ರೆಕಾರ್ಡು ನುಡಿಸುವ, ಲಕ್ಷಕ್ಕೂ ಮೀರಿದ ಬೆಲೆಯ ಟರ್ನ್‌ಟೇಬಲ್ ಕೊಳ್ಳಲು ಹೊರಟವರಿಗೆ ನಾನು ಮೊದಲು ಹೇಳುವ ಮಾತೆಂದರೆ, ಅಂಗಡಿಯವರು ಹಾಕಿ ಕೇಳಿಸುವ ಜಾಜ್ ಅಥವಾ ರಾಕ್ ರೆಕಾರ್ಡಿಗೆ ಮರುಳಾಗದೆ, ಮನೆಯಿಂದಲೇ ಹಿಂದೂಸ್ತಾನಿ ಗಾಯನದ ಒಂದು ಎಲ್‌ಪಿಯನ್ನು ತೆಗೆದುಕೊಂಡು ಹೋಗಿ ಎಂಬುದು. ಡ್ರಮ್ಮು, ಗಿಟಾರುಗಳ ಅಬ್ಬರದಲ್ಲಿ ವೇಗದ ಸಣ್ಣಪುಟ್ಟ ಏರಿಳಿತ ಅಡಗಿಹೋಗುತ್ತದೆ. ತಂಬೂರಿಯಲ್ಲಿ ಹಾಗೆ ಅಡಗಲು ಎಡೆಯೇ ಇಲ್ಲ. ಪಂಚಮವೂ ಷಡ್ಜವೂ ಒಂದೇ ಸಮನೆ ಹರಿಯಬೇಕಾದಲ್ಲಿ ನಾದ ಕೂದಲೆಳೆಯಷ್ಟು ಓಲಾಡಿದರೂ, ಸಂಗೀತ ಕೇಳಿ ಪಳಗಿದ ಕಿವಿಗೆ ಅದು ತಕ್ಷಣ ತಿಳಿಯುತ್ತದೆ. ಬಸವನಗುಡಿಯ ನಮ್ಮ ಮನೆಯಲ್ಲಿರುವ ರೆಕಾರ್ಡುಗಳಲ್ಲಿ ಹೆಚ್ಚಿನವು ಭೀಮಸೇನ ಜೋಶಿ ಮತ್ತು ಮಲ್ಲಿಕಾರ್ಜುನ ಮನ್ಸೂರರ ಎಚ್‌ಎಂವಿ ಎಲ್‌ಪಿಗಳು, ಕಲ್ಕತ್ತೆಯ ದಮ್‌ದಮ್ ಕಾರ್ಖಾನೆಯಲ್ಲಿ ಅಚ್ಚಾದವು. ಹೀಗಾಗಿ ನನಗೆ ಬೇಕಾದದ್ದು ಎಲ್ಲಕ್ಕಿಂತ ಮೊದಲು ವೇಗದ ಸ್ಥಿರತೆ.

ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡು. ಈ ತಿರುಗುವಿಕೆಯನ್ನು ಸಾಧಿಸಲು ಮೂರು ದಾರಿಗಳಿವೆ. 1950ರ ದಶಕದ ಗೆರಾರ್ಡ್ 301, ಥೋರೆನ್ಸ್ ಟಿಡಿ 124ರಂತಹ ಯಂತ್ರಗಳಲ್ಲಿ ಮೋಟಾರಿಗೂ ರೆಕಾರ್ಡು ಕೂರುವ ತಟ್ಟೆಯಾದ ಪ್ಲ್ಯಾಟರಿಗೂ ನಡುವೆ ರಬ್ಬರು ಚಕ್ರವಿರುತ್ತದೆ. ಅವುಗಳ ಗಟ್ಟಿತನ ನನಗೆ ಬಹಳ ಇಷ್ಟವಾದರೂ ಬಿಡಿಭಾಗಕ್ಕಾಗಿ ಅಲೆಯುವ ತಾಳ್ಮೆ ನನಗಿಲ್ಲ. ಎರಡನೆಯದು ಬೆಲ್ಟ್. ಸ್ಕಾಟ್ಲೆಂಡಿನಲ್ಲಿ 1970ರ ದಶಕದ ಆರಂಭದಲ್ಲಿ ಹುಟ್ಟಿ ಇಂದಿಗೂ ತಯಾರಾಗುತ್ತಿರುವ ಲಿನ್ ಸೋಂಡೆಕ್ ಎಲ್‌ಪಿ12 ಈ ಬಗೆಯದು. ಅದರ ನಾದ ಕೇಳಿ ನಾನು ಮನಸೋತಿದ್ದು ನಿಜ, ಆದರೆ ಒಳಚೌಕಟ್ಟು ಮೂರು ಸ್ಪ್ರಿಂಗುಗಳ ಮೇಲೆ ತೇಲುವುದರಿಂದ ಅದನ್ನು ಹದಗೊಳಿಸಲು ನುರಿತ ಕೈ ಬೇಕು, ಜಾಗ ಬದಲಿಸಿದರೆ ಮತ್ತೆ ಅದೇ ಕೆಲಸ. ಇಂಗ್ಲೆಂಡಿನ ರೇಗಾದವರು ಇದಕ್ಕೆ ಬೇರೆಯೇ ದಾರಿ ಹಿಡಿದು, ಹಗುರವೂ ಬಿಗುವೂ ಆದ ಚೌಕಟ್ಟು ಕಟ್ಟುತ್ತಾರೆ. ಅಲ್ಲಿ ಮುಳ್ಳನ್ನು ಹೊತ್ತ ತೋಳಾದ ಟೋನ್‌ಆರ್ಮಿನ ಎತ್ತರ ಬದಲಿಸಬೇಕಾದರೆ ಅಡಿಗೆ ಬಿಲ್ಲೆಗಳನ್ನು ಸೇರಿಸಬೇಕು.

ನಾನು ಆರಿಸಿದ್ದು ಮೂರನೆಯ ಬಗೆಯ ಟೆಕ್ನಿಕ್ಸ್ ಎಸ್‌ಎಲ್-1200ಜಿಆರ್. 1972ರಲ್ಲಿ ಆರಂಭವಾದ ಈ ಸಾಲಿನ ತಯಾರಿಕೆ 2010ರಲ್ಲಿ ನಿಂತು, 2016ರಲ್ಲಿ ಹೊಸ ಮೋಟಾರಿನೊಂದಿಗೆ ಮರಳಿ ಬಂತು. ಇದು ಡಿಜೆಗಳ ಯಂತ್ರ, ಶಾಸ್ತ್ರೀಯ ಸಂಗೀತಕ್ಕಲ್ಲ ಎಂದು ಮೂಗು ಮುರಿಯುವ ಗೆಳೆಯರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿ ಪ್ಲ್ಯಾಟರ್ ನೇರವಾಗಿ ಮೋಟಾರಿನ ಮೇಲೆಯೇ ಕುಳಿತಿದ್ದು, ಕ್ವಾರ್ಟ್ಸ್ ಹರಳಿನ ಆಧಾರದಿಂದ ಅದರ ವೇಗ ಕ್ಷಣಕ್ಷಣಕ್ಕೂ ಸರಿಯಾಗುತ್ತಿರುತ್ತದೆ. ಮೋಟಾರಿನಲ್ಲಿ ಕಬ್ಬಿಣದ ತಿರುಳಿಲ್ಲದ ಕಾರಣ, ಹಳೆಯ ನೇರ ಚಾಲನೆಯ ಯಂತ್ರಗಳ ಮೇಲಿದ್ದ ಸಣ್ಣ ಜಗ್ಗಾಟದ ದೂರಿಗೂ ಎಡೆಯಿಲ್ಲ. ಬೆಂಗಳೂರಿನವನಾದ ನನಗೆ ಇನ್ನೊಂದು ಕಾರಣವೂ ಇತ್ತು. ಸರಳ ಸಿಂಕ್ರೊನಸ್ ಮೋಟಾರಿನ ವೇಗ ವಿದ್ಯುತ್ತಿನ 50 ಹರ್ಟ್ಸ್‌ಗೆ ಕಟ್ಟುಬಿದ್ದಿರುತ್ತದೆ. ಕರೆಂಟು ಹೋಗಿ ಚೌಕ ಅಲೆಯ ಇನ್ವರ್ಟರ್ ಶುರುವಾದರೆ ಅಂತಹ ಮೋಟಾರು ಗುಂಯ್‌ಗುಡುತ್ತದೆ. ಕ್ವಾರ್ಟ್ಸ್ ಆಧಾರದ ಮೋಟಾರಿಗೆ ಮನೆಯ ವಿದ್ಯುತ್ತಿನ ಆವರ್ತನದ ಹಂಗಿಲ್ಲ. ಹಾಗಿದ್ದರೂ ಆಂಪ್ಲಿಫೈಯರಿನ ಹಿತಕ್ಕಾಗಿ ನಾವು ಶುದ್ಧ ಸೈನ್ ಅಲೆಯ ಇನ್ವರ್ಟರನ್ನೇ ಇಟ್ಟುಕೊಂಡಿದ್ದೇವೆ.

ಯಂತ್ರ ಬರುವ ಮೊದಲೇ ನಾನು ಯೋಚಿಸಿದ್ದು ಅದನ್ನು ಇಡುವ ಜಾಗದ ಬಗ್ಗೆ. ಮುಖ್ಯರಸ್ತೆಯಲ್ಲಿ ಬಸ್ಸು ಹೋದಾಗ ನೆಲ ನಡುಗುವುದು, ಪಕ್ಕದ ಅಡುಗೆಮನೆಯಲ್ಲಿ ಮಿಕ್ಸಿ ತಿರುಗುವುದು, ಎಲ್ಲವೂ ರೆಕಾರ್ಡಿನ ಮೇಲೆ ಓಡುವ ಮುಳ್ಳಾದ ಸ್ಟೈಲಸ್ಸಿಗೆ ತಲುಪುತ್ತವೆ. ನಮ್ಮ ಹಳೆಯ ಮನೆಯ ಗೋಡೆಯಲ್ಲಿ ಕಡಪ ಕಲ್ಲಿನ ಶೆಲ್ಫ್ ಕಟ್ಟಿದ್ದರು, ಅದನ್ನೇ ಆರಿಸಿದೆ. ಕಲ್ಲನ್ನು ಬೆರಳಿನಿಂದ ತಟ್ಟಿದರೆ ಠಣ್ ಎನ್ನುವುದರಿಂದ ಅದರ ಮೇಲೆ ರಬ್ಬರು ಹಾಸಿ, ಅದರ ಮೇಲೆ ದಪ್ಪ ಪ್ಲೈವುಡ್ ಹಲಗೆ ಇರಿಸಿದೆ. ಇದು ಸಾಕಾಗುತ್ತದೆಯೇ ಎಂದು ತಿಳಿಯುವ ಸುಲಭ ಉಪಾಯವಿದೆ: ಮೋಟಾರು ನಿಲ್ಲಿಸಿ, ಅಲುಗಾಡದ ರೆಕಾರ್ಡಿನ ಮೇಲೆ ಸ್ಟೈಲಸ್ ಇಳಿಸಿ, ವಾಲ್ಯೂಮನ್ನು ಮಾಮೂಲಿನಷ್ಟಕ್ಕೆ ಏರಿಸಿ, ಶೆಲ್ಫನ್ನು ಮೆಲ್ಲಗೆ ತಟ್ಟಬೇಕು. ಸ್ಪೀಕರಿನಲ್ಲಿ ಬರುವ ಸದ್ದು ಎಷ್ಟು ಕ್ಷೀಣವೋ ಅಷ್ಟು ಒಳ್ಳೆಯದು. ಸ್ಪೀಕರುಗಳನ್ನು ಮಾತ್ರ ಅದೇ ಗೋಡೆಗೆ ತಾಗಿಸಿ ಇಡಬಾರದು.

ಮುಳ್ಳಿನ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಕಾರ್ಟ್ರಿಜ್ ಆಗಿ ಡೆನಾನ್ ಡಿಎಲ್-103 ಅನ್ನು ತೆಗೆದುಕೊಂಡೆ. 1960ರ ದಶಕದಲ್ಲಿ ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ ರೂಪುಗೊಂಡ ಈ ಮೂವಿಂಗ್ ಕಾಯಿಲ್ (ಒಳಗೆ ತಂತಿಯ ಸುರುಳಿಯೇ ಅಲುಗುವ) ಕಾರ್ಟ್ರಿಜ್ಜಿನ ಸ್ಟೈಲಸ್ ತುದಿ ಗುಂಡಗಿದೆ, ಮುಳ್ಳಿನ ಒತ್ತಡ 2.5 ಗ್ರಾಂ. ಇದಕ್ಕಿಂತ ಸೂಕ್ಷ್ಮ ತುದಿಯವು ರೆಕಾರ್ಡಿನ ಒಳಗಿನ ಗ್ರೂವುಗಳಲ್ಲಿ, ಅಂದರೆ ಮುಳ್ಳು ಓಡುವ ಗೀರುಗಳಲ್ಲಿ, ಹೆಚ್ಚು ವಿವರ ಹೊರತೆಗೆಯುತ್ತವೆ ಎಂಬುದನ್ನು ಅಲ್ಲಗಳೆಯಲಾರೆ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡುವ ಗ್ರೂವ್ ಕೊನೆಗೆ ಬರುವಾಗ 21 ಸೆಂಟಿಮೀಟರಿಗೆ ಇಳಿಯುವುದರಿಂದ, ಅಷ್ಟೇ ಸಂಗೀತ ಅಲ್ಲಿ ಇಕ್ಕಟ್ಟಿನಲ್ಲಿ ಕೂರಬೇಕಾಗುತ್ತದೆ. ಆದರೂ ಗಂಟಲಿನ ತುಂಬು ನಾದ ಇದರಲ್ಲಿ ಬರುವಷ್ಟು ಸಹಜವಾಗಿ ಬೇರೆಲ್ಲೂ ನನಗೆ ಕೇಳಲಿಲ್ಲ. ಇದರ ಉತ್ಪತ್ತಿ ಕೇವಲ 0.3 ಮಿಲಿವೋಲ್ಟ್ ಇರುವುದರಿಂದ, 60 ಡೆಸಿಬೆಲ್, ಅಂದರೆ ಸಾವಿರ ಪಟ್ಟು ಹಿಗ್ಗಿಸುವ ಫೋನೋ ಸ್ಟೇಜ್ ಎಂಬ ಆರಂಭಿಕ ಆಂಪ್ಲಿಫೈಯರ್ ಬೇಕೇ ಬೇಕು. ಆರ್ಮ್ ಮತ್ತು ಕಾರ್ಟ್ರಿಜ್ ಹೊಂದಿಕೆಯನ್ನೂ ಲೆಕ್ಕ ಹಾಕಿದೆ: ಎರಡೂ ಸೇರಿ ಕಂಪಿಸುವ ಸಹಜ ಆವರ್ತನ 8ರಿಂದ 12 ಹರ್ಟ್ಸ್ ನಡುವೆ ಇದ್ದರೆ, ಕೆಳಗೆ ಡೊಂಕು ರೆಕಾರ್ಡಿನ ಕುಣಿತವೂ ಮೇಲೆ ಸಂಗೀತವೂ ಅದರ ತಂಟೆಗೆ ಬರುವುದಿಲ್ಲ. ಮುಳ್ಳಿನ ಅಲುಗಾಟ ಬಿಗುವಾಗಿರುವ ಡಿಎಲ್-103ಗೆ ಭಾರದ ಆರ್ಮ್ ಒಗ್ಗುತ್ತದೆ. ಆರ್ಮಿನ ತುದಿಯಲ್ಲಿ ಕಾರ್ಟ್ರಿಜ್ಜನ್ನು ಹಿಡಿದಿಡುವ ಹೆಡ್‌ಶೆಲ್ಲನ್ನು ತುಸು ತೂಕದ್ದೇ ಹಾಕಿದಾಗ ನನ್ನ ಲೆಕ್ಕ 10 ಹರ್ಟ್ಸ್ ಆಸುಪಾಸಿಗೆ ಬಂತು.

ಜೋಡಿಸುವ ಕೆಲಸವನ್ನು ಹಗಲು ಬೆಳಕಿನಲ್ಲಿ, ಫ್ಯಾನ್ ಆರಿಸಿ ಮಾಡಬೇಕು. ಹೆಡ್‌ಶೆಲ್ಲಿನ ನಾಲ್ಕು ತಂತಿಗಳಲ್ಲಿ ಕೆಂಪು, ಹಸಿರು ಬಲಗಡೆಯವು. ಬಿಳಿ, ನೀಲಿ ಎಡಗಡೆಯವು. ಅವುಗಳ ಪುಟ್ಟ ಕೊಳವೆಗಳನ್ನು ಚಿಮುಟದಿಂದ ಹಿಡಿದು ಕಾರ್ಟ್ರಿಜ್ಜಿನ ಪಿನ್ನುಗಳ ಮೇಲೆ ನೇರವಾಗಿ ಜಾರಿಸಬೇಕು, ಓರೆಯಾಗಿ ತಳ್ಳಿದರೆ ಪಿನ್ನು ಅಲುಗುತ್ತದೆ. ಸ್ಕ್ರೂಗಳನ್ನು ಅರ್ಧ ಬಿಗಿದು, ಕಾರ್ಟ್ರಿಜ್ಜಿನ ಕೋನ ನೋಡುವ ಪ್ರೊಟ್ರಾಕ್ಟರ್ ಹಾಳೆಯ ಎರಡು ಬಿಂದುಗಳಲ್ಲಿ, ಅಂದರೆ ನಡುವಿನಿಂದ 66 ಮತ್ತು 120.9 ಮಿಲಿಮೀಟರ್ ದೂರದಲ್ಲಿ, ಮುಳ್ಳನ್ನು ಹೊತ್ತ ಪುಟ್ಟ ಕಡ್ಡಿಯಾದ ಕ್ಯಾಂಟಿಲಿವರ್ ಗೆರೆಗಳಿಗೆ ಸಮಾನಾಂತರವಾಗುವವರೆಗೆ ಕೂದಲಿನಷ್ಟೇ ಸರಿಸುತ್ತಾ ಹೋದೆ. ಕಾರ್ಟ್ರಿಜ್ಜಿನ ಡಬ್ಬಿಯನ್ನಲ್ಲ, ಕ್ಯಾಂಟಿಲಿವರನ್ನೇ ನೋಡಬೇಕು. ಎರಡೂ ಒಂದೇ ದಿಕ್ಕಿಗಿರುತ್ತವೆಂಬ ಖಾತರಿಯಿಲ್ಲ.

ಒತ್ತಡ ಅಳೆಯಲು ಚಿನ್ನ ತೂಗುವವರು ಬಳಸುವ, 0.01 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿಯನ್ನು ಎಸ್‌ಪಿ ರಸ್ತೆಯಿಂದ ತಂದೆ. ಅದರ ತಟ್ಟೆ ಅಯಸ್ಕಾಂತಕ್ಕೆ ಅಂಟುವ ಉಕ್ಕಿನದಾಗಿದ್ದರೆ ಕಾರ್ಟ್ರಿಜ್ಜಿನೊಳಗಿನ ಅಯಸ್ಕಾಂತ ಅದನ್ನು ಸೆಳೆದು ಅಳತೆ ತಪ್ಪಾಗುತ್ತದೆ, ಆದ್ದರಿಂದ ತಟ್ಟೆಯಿಂದ ಹೊರಚಾಚುವ ಪ್ಲಾಸ್ಟಿಕ್ ತುಂಡೊಂದನ್ನು ಅಂಟಿಸಿ, ಅದರ ತುದಿ ರೆಕಾರ್ಡಿನ ಎತ್ತರಕ್ಕೇ ಬರುವಂತೆ ನೋಡಿಕೊಂಡು ಅಳೆದೆ. ಆರ್ಮ್ ಒಳಕ್ಕೆ ಜಾರುವುದನ್ನು ತಡೆಯುವ ಆಂಟಿಸ್ಕೇಟಿಂಗ್ ಅನ್ನು ಮಾತ್ರ ಕಿವಿಯಿಂದಲೇ ನಿಶ್ಚಯಿಸಿದೆ. ಹಾಡಿನ ಕೊನೆಯ ಭಾಗದಲ್ಲಿ ‘ಸ’ ಅಕ್ಷರದ ಸದ್ದುಗಳು ಬಲ ಸ್ಪೀಕರಿನಲ್ಲಿ ಸೀಳಿದರೆ ಅದನ್ನು ಹೆಚ್ಚಿಸಬೇಕು, ಎಡಕ್ಕೆ ಸೀಳಿದರೆ ತಗ್ಗಿಸಬೇಕು. ಗುಂಯ್ ಸದ್ದು ಬರದಂತೆ ನೆಲದ (ಗ್ರೌಂಡ್) ತಂತಿಯನ್ನು ಫೋನೋ ಸ್ಟೇಜಿಗೆ ಬಿಗಿಯಬೇಕಷ್ಟೆ. ಹಳೆಯ ಮನೆಗಳಲ್ಲಿ ಮೂರನೆಯ ಪಿನ್ನಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ರಿಂದ ಮೊದಲು ನೋಡಿಸುವುದು ಒಳ್ಳೆಯದು.

ಕೊನೆಯ ಪರೀಕ್ಷೆ ವೇಗದ್ದು. 50 ಹರ್ಟ್ಸ್ ವಿದ್ಯುತ್ತಿನ ದೀಪ ಸೆಕೆಂಡಿಗೆ ನೂರು ಸಲ ಮಿನುಗುವುದರಿಂದ, 180 ಗೆರೆಗಳಿರುವ ಸ್ಟ್ರೋಬ್ ತಟ್ಟೆ 33⅓ರ ವೇಗದಲ್ಲಿ ನಿಂತಂತೆ ಕಾಣಬೇಕು; ಅಮೆರಿಕದ 60 ಹರ್ಟ್ಸ್‌ಗೆ ಮಾಡಿದ 216 ಗೆರೆಗಳ ತಟ್ಟೆ ನಮಗೆ ಉಪಯೋಗಕ್ಕೆ ಬಾರದು. ಇದರ ಜೊತೆಗೆ, ಬೆಂಗಳೂರಿನಲ್ಲೇ ತಯಾರಾಗುವ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿಯನ್ನು ರೆಕಾರ್ಡಿನ ಷಡ್ಜಕ್ಕೆ ಶ್ರುತಿ ಮಾಡಿ ಎರಡನ್ನೂ ಒಟ್ಟಿಗೆ ನುಡಿಸಿದೆ. ವೇಗ ಸ್ಥಿರವಾಗಿದ್ದರೆ ಎರಡು ನಾದಗಳು ಬೆರೆತು ನಿಲ್ಲುತ್ತವೆ, ಇಲ್ಲವಾದರೆ ನಡುವೆ ಅಲೆಯೊಂದು ಏರಿಳಿಯುತ್ತದೆ. ಒಂದು ರೆಕಾರ್ಡಿನಲ್ಲಿ ಆ ಅಲೆ ಸುತ್ತಿಗೊಮ್ಮೆ ಬಂದಿತು. ಟೋನ್‌ಆರ್ಮನ್ನು ಮೇಲಿನಿಂದ ನೋಡಿದರೆ ಅದೂ ಎಡಬಲಕ್ಕೆ ತೂಗುತ್ತಿತ್ತು, ಅಂದರೆ ನಡುವಿನ ತೂತೇ ಓರೆಯಾಗಿ ಬಿದ್ದಿತ್ತು. ತೂತು ಒಂದು ಮಿಲಿಮೀಟರ್ ಸರಿದಿದ್ದರೂ ರೆಕಾರ್ಡಿನ ಮಧ್ಯಭಾಗದಲ್ಲಿ ಶ್ರುತಿ ಶೇಕಡಾ ಒಂದರಷ್ಟು ಮೇಲೆ ಕೆಳಗೆ ಓಡುತ್ತದೆ, ಅದು ಅರ್ಧಸ್ವರದ ಆರನೆಯ ಒಂದು ಭಾಗ. ಇದಕ್ಕೆ ಯಾವ ಟರ್ನ್‌ಟೇಬಲನ್ನೂ ದೂರುವಂತಿಲ್ಲ. ಉಳಿದ ಎಲ್‌ಪಿಗಳಲ್ಲಿ ನಾದ ಅಲುಗಲಿಲ್ಲ.

ಈ ಯಂತ್ರದಲ್ಲಿ 78ರ ವೇಗವೂ ಇರುವುದರಿಂದ, ಗಂಗೂಬಾಯಿ ಹಾನಗಲ್ಲರ ಹಳೆಯ ಅರಗಿನ ತಟ್ಟೆಗಳಿಗಾಗಿ ದಪ್ಪ ಮುಳ್ಳಿನ ಮತ್ತೊಂದು ಕಾರ್ಟ್ರಿಜ್ಜನ್ನು ಬೇರೆ ಹೆಡ್‌ಶೆಲ್ಲಿಗೆ ಹಾಕಿಟ್ಟಿದ್ದೇನೆ. ಆ ತಟ್ಟೆಗಳನ್ನು ಒರೆಸುವ ನೀರಿಗೆ ಆಲ್ಕೊಹಾಲ್ ಬೆರೆಸುವುದೇ ಇಲ್ಲ, ಏಕೆಂದರೆ ಅರಗು ಅದರಲ್ಲಿ ಕರಗುತ್ತದೆ. ಎಲ್‌ಪಿಗಳನ್ನು ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಹಳೆಯ ಪ್ಲಾಸ್ಟಿಕ್ ಚೀಲಗಳಿಂದ ತೆಗೆದು, ಹೊಸ ಒಳಹೊದಿಕೆಗೆ ಹಾಕಿ, ನೆಟ್ಟಗೆ ನಿಲ್ಲಿಸಿದ್ದೇನೆ.